ಬರ್ತೀನಿ ಅಂದ ಮನೆಗಳು

ಕುರ್ಚಿಯಿಂದ ಏಳುವಾಗ ಅವರ ಮೊಣಕಾಲುಗಳು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದವು. ಮೊದಲು ಎಡಗಾಲು, ಆಮೇಲೆ ಬಲಗಾಲು, ಒಣ ಕಡ್ಡಿ ಮುರಿದ ಹಾಗೆ. ಒಮ್ಮೆ ಸಕಲೇಶಪುರದ ಸಭೆಯಲ್ಲಿ ಮೈಕು ಅವರ ಕಾಲ ಹತ್ತಿರವೇ ಇದ್ದುದರಿಂದ ಆ ಸದ್ದು ಇಡೀ ಮೈದಾನಕ್ಕೆ ಕೇಳಿಸಿ, ಅವರ ಭಾಷಣಕ್ಕೆ ಯಾವತ್ತೂ ಬೀಳದ ಚಪ್ಪಾಳೆ ಅದಕ್ಕೆ ಬಿದ್ದಿತ್ತು. ಯಾರ ಮನೆಗೆ ಹೋದರೂ ಸರಿ, ಕಾಲು ಟಕ್ ಎಂದರೆ ಹೊರಟರು ಎಂದೇ ಲೆಕ್ಕ. ಎದ್ದು ನಿಂತು, ಅಂಗಿಯ ತುದಿ ಎಳೆದುಕೊಂಡು, ಮನೆಯವರ ಮುಖ ನೋಡಿ "ಬರ್ತೀನಿ" ಎನ್ನುತ್ತಿದ್ದರು.

ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನಮ್ಮ ಕಡೆ ಯಾರೂ ಯಾರ ಮನೆಯಿಂದಲೂ "ಹೋಗ್ತೀನಿ" ಎಂದು ಹೊರಡುವುದಿಲ್ಲ. ಕರೆಂಟ್ ಬಿಲ್ ಕೊಡಲು ಬಂದವನೂ ಬರ್ತೀನಿ ಎನ್ನುತ್ತಾನೆ, ಬೇಲಿ ಜಗಳಕ್ಕೆ ಬಂದು ಬೈದು ಹೋಗುವವನೂ ಬರ್ತೀನಿ ಎಂದೇ ಹೋಗುತ್ತಾನೆ. ಹೋಗ್ತೀನಿ ಎಂದರೆ ಸಾವಿನ ಮಾತಾಯಿತು. ಹಾಗಾಗಿ ಬರ್ತೀನಿ ಎಂದವನು ಬರುತ್ತಾನೆಂದು ಯಾರೂ ಕಾಯುವುದಿಲ್ಲ, ಅಂದವನಿಗೂ ಅದು ನೆನಪಿರುವುದಿಲ್ಲ. ಈ ಮಾತನ್ನು ನಿಜವೆಂದು ಹಿಡಿದುಕೊಂಡ ಒಬ್ಬರೇ ಒಬ್ಬರನ್ನು ನಾನು ನೋಡಿದ್ದೇನೆ. ಅವರು ನಾಲ್ಕು ಸಲ ವಿಧಾನಸಭೆಗೆ ನಿಂತರು, ಮೂರು ಸಲ ಸೋತರು, ಒಂದು ಸಲ ನಮ್ಮ ಶಾಸಕರಾದರು. ಆ ಮೂರು ಸೋಲಿನಲ್ಲಿ ಒಂದು ನನ್ನ ಬಾಯಿಂದ ಆದದ್ದು.

ಶಾಸಕರಾದ ಮೇಲೂ ಜನ ಅವರನ್ನು ಕರೆಯುತ್ತಿದ್ದದ್ದು ಕಾಂಪೌಂಡ್ರು ಎಂದೇ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಡಾಕ್ಟರು ಹಾಸನದಿಂದ ಬಂದು ಹೋಗುವವರಾದ್ದರಿಂದ, ಹಾನುಬಾಳಿನಿಂದ ಬೆಳಗೋಡಿನವರೆಗೆ ಕರು ಅಡ್ಡ ಬಂದ ಹಸುವಿಗೆಲ್ಲ ಇವರ ಕೈಯೇ ಗತಿ. ನಮ್ಮದು ಮೀಸಲು ಕ್ಷೇತ್ರ. ಇವರು ಹುಟ್ಟಿದ್ದು ಒಂದು ಎಸ್ಟೇಟ್ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಅಪ್ಪ ಅಮ್ಮ ಇಬ್ಬರೂ ಕಾಫಿ ಕುಯ್ಯುವವರು. ಚುನಾವಣೆಗೆ ನಿಲ್ಲಲು ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟ ದಿನ ಇವರ ಹೆಂಡತಿ ಮಾತು ಬಿಟ್ಟರಂತೆ. ಒಂದು ವಾರ ಬಿಟ್ಟು ಅವರಾಡಿದ ಮೊದಲ ಮಾತು, ಗೆದ್ದರೆ ಸರಿ, ಸೋತರೆ ಹಸು ಸಾಕಿ ಹಾಲು ಹಾಕು ಎಂದು. ಅವರು ಮೊದಲ ಸಲ ಸೋತರು, ಎರಡು ಹಸು ಕಟ್ಟಿ ಹಾಲೂ ಹಾಕಿದರು.

ಯಾಕೆ ನಿಂತಿರಿ ಎಂದು ನಾನು ಆಮೇಲೆ ಕೇಳಿದ್ದೆ. "ಈ ಎರಡು ತಾಲೂಕಲ್ಲಿ ಎಲ್ರ ಮನೆ ಹಿಂದ್ಲ ಬಾಗ್ಲೂ ನಂಗೆ ಗೊತ್ತಿತ್ತು ಕಣೋ. ಕೊಟ್ಟಿಗೆಗೆ ಹಂಗೇ ತಾನೆ ಹೋಗೋದು. ಮುಂದ್ಲ ಬಾಗ್ಲು ಹೆಂಗಿರ್ತದೆ ಅಂತ ನೋಡಾನ ಅನ್ನಿಸ್ತು" ಎಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ನಮ್ಮ ಮನೆಯ ಕೊಟ್ಟಿಗೆಗೂ ಅವರು ಎಷ್ಟೋ ಸಲ ಬಂದು ಹೋಗಿದ್ದರು, ಹಿಂದಿನ ಬಾಗಿಲಿನಿಂದಲೇ.

ಎರಡನೆಯ ಚುನಾವಣೆಯ ಹೊತ್ತಿಗೆ ಹಾನುಬಾಳಿನ ಆಚೆ ಒಂದು ಎಸ್ಟೇಟಿನ ಲೈನಿಗೆ ಓಟು ಕೇಳಲು ಹೋದರು. ಐದು ವರ್ಷದ ಹಿಂದೆಯೂ ಹೋಗಿದ್ದ ಲೈನು ಅದು. ಅಲ್ಲೊಬ್ಬಳು ಅಜ್ಜಿ ಇದ್ದಳು, ಕುಯ್ಲಿನ ಗುಂಪಿಗೆಲ್ಲ ಹಿರಿಯಳು. ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತವಳು ಇವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕಾಲು ಟಕ್ ಎಂದಿತು, ಇವರು ಬರ್ತೀನಿ ಎಂದರು. ಅಜ್ಜಿ ಮೊರದಿಂದ ತಲೆ ಎತ್ತದೆ ಹೀಗೆಂದಳಂತೆ:

"ಹೋದ್ಸಲನೂ ಬರ್ತೀನಿ ಅಂದ್ಬುಟ್ಟು ಹೋಗಿದ್ದೆ. ಈಗ ಓಟು ಬಂತು, ನೀನೂ ಬಂದೆ. ಬರ್ತೀನಿ ಅಂದ್ರೆ ಯಾವತ್ತು ಅಂತ ಕೇಳ್ಬೇಕಾಗಿತ್ತು ನಾನು."

ಬೇರೆ ಯಾರಾದರೂ ಆಗಿದ್ದರೆ ನಕ್ಕು, ಅಜ್ಜಿಯ ಕಾಲು ಮುಟ್ಟಿ, ಫೋಟೋ ತೆಗೆಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ಇವರು ಮುಂದಿನ ಮನೆಗೆ ಹೋಗದೆ ಜೀಪು ಹತ್ತಿ ಕೂತುಬಿಟ್ಟರಂತೆ. ಮಾರನೆಯ ದಿನ ಒಂದು ತೀರ್ಮಾನ ಮಾಡಿದರು. ಮತ್ತೆ ಬರಲು ಆಗುತ್ತದೋ ಇಲ್ಲವೋ ಗೊತ್ತಿಲ್ಲದ ಮನೆಯಲ್ಲಿ ಸುಳ್ಳು ಹೇಳುವುದು ಬೇಡ. ಹಾಗೆಂದುಕೊಂಡು, ಎದ್ದು ನಿಂತು, ಕೈ ಮುಗಿದು, "ಹೋಗ್ತೀನಿ" ಎನ್ನಲು ಶುರು ಮಾಡಿದರು.

ಇದಕ್ಕಿಂತ ದೊಡ್ಡ ತಪ್ಪನ್ನು ಒಬ್ಬ ಅಭ್ಯರ್ಥಿ ನಮ್ಮೂರ ಕಡೆ ಮಾಡಲು ಸಾಧ್ಯವಿಲ್ಲ. ಹೆಂಗಸರು ಎದೆ ಮುಟ್ಟಿಕೊಂಡರು. ಕೆಲವರು ಹಿಂದೆ ಓಡಿ ಬಂದು, ಬರ್ತೀನಿ ಅನ್ನಿ, ಬರ್ತೀನಿ ಅಂದು ಹೋಗಿ ಎಂದು ಬೇಡಿಕೊಂಡರು. ಒಂದು ಮನೆಯಲ್ಲಿ ಅವರು ಹೋದ ಮೇಲೆ ಹೊಸ್ತಿಲಿಗೆ ನೀರು ಹಾಕಿ ತೊಳೆದರಂತೆ. ಜೊತೆಯಲ್ಲಿದ್ದ ಕಾರ್ಯಕರ್ತರು ಎಷ್ಟು ಹೇಳಿದರೂ ಇವರು ಕೇಳಲಿಲ್ಲ. ಹಟ ಎಂದರೆ ಅವರದ್ದೇ.

ಆಗ ನಾನು ಎದುರು ಪಾರ್ಟಿಯ ಆಟೋದಲ್ಲಿ ಮೈಕ್ ಹಿಡಿದು ಕೂಗುವವನು. ನಮ್ಮದು ಬೆಳಗೋಡಿನ ಹತ್ತಿರ ಸಣ್ಣ ತೋಟ, ಒಂದಿಷ್ಟು ಗದ್ದೆ. ಡಿಗ್ರಿ ಮುಗಿಸಿ, ಗಂಟಲು ಚೆನ್ನಾಗಿದೆ ಎಂದು ಹೊಗಳಿಸಿಕೊಂಡು, ಆ ಹೊಗಳಿಕೆಯಲ್ಲೇ ನಾಲ್ಕು ವರ್ಷ ಕಳೆದವನು ನಾನು. ಕಾಂಪೌಂಡ್ರ ವಿಷಯ ಕಿವಿಗೆ ಬಿದ್ದ ದಿನವೇ ಮೈಕಿನಲ್ಲಿ ಶುರು ಮಾಡಿದೆ: "ಮತದಾರ ಬಾಂಧವರೇ, ಅವರೇ ನಿಮ್ಮ ಬಾಗಿಲಿಗೆ ಬಂದು ಹೋಗ್ತೀನಿ ಅಂತಿದ್ದಾರೆ. ಹೋಗೋರನ್ನ ತಡೀಬೇಡಿ. ಕಳಿಸಿಕೊಡಿ!"

ಜನ ಬಿದ್ದು ಬಿದ್ದು ನಕ್ಕರು. ಸಂತೆಯಲ್ಲಿ ತರಕಾರಿ ಮಾರುವವರೂ ಗಿರಾಕಿಗಳಿಗೆ ಅದನ್ನೇ ಹೇಳತೊಡಗಿದರು. ಕಾಂಪೌಂಡ್ರು ಸೋತರು. ಅಂತರ ಎಷ್ಟು ಕಡಿಮೆ ಎಂದರೆ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಗೆಲ್ಲುತ್ತಿದ್ದರು ಎಂದು ನಮ್ಮ ಪಾರ್ಟಿಯವರೇ ನನ್ನ ಬೆನ್ನು ತಟ್ಟಿದರು. ಹಾರವನ್ನೂ ಹಾಕಿದರು.

ಹಾರ ಒಣಗುವ ಮೊದಲೇ ಕಾಂಪೌಂಡ್ರು ನಮ್ಮ ಮನೆಗೆ ಬಂದರು. ಬಸ್ಸಿಳಿದು, ಗದ್ದೆ ಬದುವಿನ ಮೇಲೆ ನಡೆದು, ಈ ಸಲ ಮುಂದಿನ ಬಾಗಿಲಿಗೇ ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡು ನಾನು ಎದೆ ಉಬ್ಬಿಸಿ ನಿಂತೆ. ಅಮ್ಮ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿ ಹಾಕಿದರು. ನಮ್ಮ ಮನೆಗೆ ಬಂದವರು ಕೂರುವುದು ಜಗಲಿಯ ಮೇಲೆ. ಇವರಿಗೆ ಕುರ್ಚಿ ಅಂಗಳಕ್ಕೆ ಏಕೆ ಬಂತು ಎಂದು ಅಮ್ಮ ಹೇಳಲಿಲ್ಲ, ಅವರು ಕೇಳಲಿಲ್ಲ, ನಾನು ನೋಡಿಯೂ ನೋಡದವನಂತೆ ನಿಂತಿದ್ದೆ. ಅವರು ಬಿಸಿಲಿನಲ್ಲಿ ಕೂತು ಕಾಫಿ ಕುಡಿದರು.

"ಮೈಕಲ್ಲಿ ಚೆನ್ನಾಗಿ ಹೇಳ್ದೆ. ನೀನು ಹೇಳಿದ್ರಲ್ಲಿ ತಪ್ಪಿಲ್ಲ ಮಾರಾಯ" ಎಂದರು. "ಹೋಗ್ತೀನಿ ಅನ್ನಬಾರ್ದಿತ್ತು. ಬರ್ತೀನಿ ಅಂದು, ಬರ್ಬೇಕಿತ್ತು. ಇಷ್ಟು ಸುಲಭದ್ದು ನಂಗೆ ಹೊಳೀಲೇ ಇಲ್ಲ ನೋಡು."

ಕಾಲು ಟಕ್ ಟಕ್ ಎಂದಿತು. ಎದ್ದು ನಿಂತು "ಬರ್ತೀನಿ" ಎಂದರು. ಎರಡು ಹೆಜ್ಜೆ ಹೋದವರು ತಿರುಗಿ, ಯಾವತ್ತು ಅಂತ ಕೇಳು ಎಂದರು. ನಾನು ತಮಾಷೆಗೆ, ಯಾವತ್ತು ಕಾಂಪೌಂಡ್ರೇ ಎಂದೆ. "ಬರೋ ಸೋಮವಾರ."

ಸೋಮವಾರ ಬಂದರು. ಕೆಲಸವೇನೂ ಇರಲಿಲ್ಲ. ಅಂಗಳದಲ್ಲಿ ಕೂತು, ನಮ್ಮ ಗಬ್ಬದ ಹಸುವನ್ನು ನೋಡಿ, ಕರು ಹಾಕುವ ದಿನ ಲೆಕ್ಕ ಹಾಕಿ ಹೇಳಿ, ಹೊರಟರು. ಅವರ ಹಿಂದೆ ನಾನೂ ಬಸ್ ಸ್ಟಾಪಿನವರೆಗೆ ಹೋದೆ. ಅಲ್ಲಿಂದ ಮನೆಗೆ ಬರಲು ನನಗೆ ಹನ್ನೊಂದು ವರ್ಷ ಹಿಡಿಯಿತು ಎಂದು ಅಮ್ಮ ಈಗಲೂ ಅಣಕಿಸುತ್ತಾರೆ. ಪಾರ್ಟಿ ಬದಲಾಯಿಸಿದ್ದಕ್ಕೆ ಹಳೆಯ ಗೆಳೆಯರು ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ.

ಮುಂದಿನ ಐದು ವರ್ಷ ಅವರು ಮಾಡಿದ್ದು ಅದೊಂದೇ ಕೆಲಸ. ಹೋದ ಮನೆಯಲ್ಲೆಲ್ಲ ಬರ್ತೀನಿ ಎನ್ನುವುದು, ವಾರ ಹೇಳುವುದು, ಆ ವಾರ ಹೋಗುವುದು. ನೆನಪಿಟ್ಟುಕೊಳ್ಳುವ ಜವಾಬ್ದಾರಿ ನನ್ನದು, ಒಂದು ಡೈರಿಯಲ್ಲಿ ಊರು, ಮನೆ, ವಾರ ಬರೆದುಕೊಳ್ಳುತ್ತಿದ್ದೆ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು, ಕುಯ್ಲಿನ ಕಾಲದಲ್ಲಿ ಎಸ್ಟೇಟ್ ಸ್ಟೋರಿನ ಮುಂದೆ ಕುಯ್ದ ಕಾಫಿಯ ತೂಕಕ್ಕೆ ಕಾಯುವವರ ಜೊತೆ ನಿಂತು, ತಿರುಗಿದ್ದೇ ತಿರುಗಿದ್ದು. ಹಾನುಬಾಳಿನ ಆ ಅಜ್ಜಿಯ ಲೈನಿಗೆ ಎಷ್ಟು ಸಲ ಹೋದೆವೋ. ಅಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ನಮ್ಮನ್ನು ಕಂಡರೆ, ಓಟು ದೂರ ಐತೆ ಕಣ್ರೀ, ಈಗ್ಲೇ ಯಾಕೆ ಬಂದ್ರಿ ಎಂದು ಕೀಟಲೆ ಮಾಡುತ್ತಿದ್ದ. ಅಜ್ಜಿ ಮಾತ್ರ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿ ಕಳಿಸುತ್ತಿದ್ದಳು: ಯಾವತ್ತು?

ಮೂರನೆಯ ಸಲ ಗೆದ್ದರು. ಮೈಕಿನಲ್ಲಿ ನಾನು ಹೆಚ್ಚೇನೂ ಕೂಗಬೇಕಾಗಲಿಲ್ಲ.

ಎಲ್ಲ ಒಳ್ಳೆಯದೇ ಹೇಳಿದರೆ ಅವರೇ ಬೈಯುತ್ತಿದ್ದರು, ಅದಕ್ಕೆ ಇದನ್ನೂ ಹೇಳುತ್ತೇನೆ. ಶಾಸಕರಾಗಿ ಅವರು ಚುರುಕಿನವರಲ್ಲ. ವಿಧಾನಸೌಧದಲ್ಲಿ ಯಾವ ಬಾಗಿಲು ಬಡಿದರೆ ರಸ್ತೆ ಮಂಜೂರಾಗುತ್ತದೆ ಎನ್ನುವುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಸಿಟ್ಟು ಬಂದರೆ ಅಧಿಕಾರಿಗಳ ಮುಂದೆ ಮಾತು ತಡವರಿಸುತ್ತಿತ್ತು. ಕುಂದೂರಿನ ಕಡೆ ಒಂದು ರಸ್ತೆಯ ಕೆಲಸ ಅವರ ಕಾಲದಲ್ಲಿ ಮುಗಿಯಲೇ ಇಲ್ಲ, ಆ ಊರಿನವರ ಸಿಟ್ಟು ನ್ಯಾಯವಾದದ್ದೇ. ಮನೆ ಮನೆ ಸುತ್ತಿದರೆ ವಿಧಾನಸೌಧ ಸುತ್ತುವವರು ಯಾರು ಎಂದು ನಾನೇ ಜಗಳಕ್ಕೆ ನಿಂತಿದ್ದೇನೆ. ಅದನ್ನು ಸುತ್ತುವವರು ಬೇಕಾದಷ್ಟು ಜನ ಇದ್ದಾರೆ ಎಂದು ಹೇಳಿ ಡೈರಿ ತೆಗೆ ಎನ್ನುತ್ತಿದ್ದರು.

ಆನೆಯ ವಿಷಯ ಮಾತ್ರ ಅವರನ್ನು ಮಲಗಲು ಬಿಡುತ್ತಿರಲಿಲ್ಲ. ನಮ್ಮ ಕಡೆ ಆನೆ ತುಳಿದು ಯಾರಾದರೂ ಸತ್ತರೆ, ಎಮ್ಮೆಲ್ಲೆ ಬರುವವರೆಗೆ ಹೆಣ ಎತ್ತುವುದಿಲ್ಲ ಎಂದು ಜನ ರಸ್ತೆಯಲ್ಲಿ ಕೂರುತ್ತಾರೆ. ಬಂದವರು ಬೈಗುಳ ತಿನ್ನಲೇಬೇಕು. ಜನರಿಗೆ ತಮ್ಮ ಸಿಟ್ಟನ್ನು ತೋರಿಸಲು ಇನ್ನಾರಿದ್ದಾರೆ.

ಅವರು ಗೆದ್ದ ಮೂರನೆಯ ವರ್ಷ, ಕುಯ್ಲಿನ ಕಾಲ. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿತ್ತು, ಅವರು ಅಲ್ಲಿದ್ದರು. ಅವರಿಗೆ ಒಂದು ನಿಗಮದ ಅಧ್ಯಕ್ಷ ಸ್ಥಾನ ಸಿಗುವ ಮಾತು ನಡೆದು, ಆ ಸಂಜೆಯೇ ಪಕ್ಷದ ದೊಡ್ಡವರು ಕರೆದಿದ್ದರು. ಅದೇ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟ ಹಾನುಬಾಳಿನ ಅಜ್ಜಿಯ ಮಗನನ್ನು ಎಸ್ಟೇಟ್ ರಸ್ತೆಯ ತಿರುವಿನಲ್ಲಿ ಆನೆ ತುಳಿದುಹಾಕಿತು. ನಾನು ಹೋಗುವಷ್ಟರಲ್ಲಿ ಜನ ಸೇರಿದ್ದರು. ಹೆಣದ ಮೇಲೆ ಯಾರೋ ಕಾಫಿ ಹರಡುವ ಟಾರ್ಪಾಲು ಹೊದಿಸಿದ್ದರು. ತಹಸೀಲ್ದಾರರನ್ನೂ ಅರಣ್ಯ ಇಲಾಖೆಯವರನ್ನೂ ಜನ ಹತ್ತಿರ ಬಿಡಲಿಲ್ಲ.

ಫೋನ್ ಮಾಡಿ ವಿಷಯ ಹೇಳಿದೆ. ಬೆಳಗಾವಿಯಿಂದ ಇಲ್ಲಿಗೆ ಇಡೀ ಹಗಲಿನ ದಾರಿ. ನೀವು ಬರುವುದು ಬೇಡ, ಸಂಜೆಯ ಮೀಟಿಂಗ್ ಮುಗಿಸಿ, ನಾಳೆ ಬನ್ನಿ, ಜನರಿಗೆ ನಾನು ಹೇಳುತ್ತೇನೆ ಎಂದೆ. ಅವರ ಒಳ್ಳೆಯದಕ್ಕೇ ಹೇಳಿದ್ದು. ಅವರು ಅಜ್ಜಿಗೆ ಫೋನ್ ಕೊಡು ಎಂದರು. ಅವಳ ಕಿವಿಗೆ ನಾನೇ ಹಿಡಿದೆ. ಸ್ಪೀಕರ್ ಹಾಕದಿದ್ದರೂ ಅವರ ದನಿ ನನಗೆ ಕೇಳಿಸುತ್ತಿತ್ತು.

"ಬರ್ತೀನಿ ಕಣವ್ವ."

ಅಜ್ಜಿ ಅಳುತ್ತಿರಲಿಲ್ಲ. ಟಾರ್ಪಾಲನ್ನೇ ನೋಡುತ್ತಾ ಕೇಳಿದಳು, "ಯಾವತ್ತು?"

"ಇವತ್ತು."

ಅವಳು ಫೋನನ್ನು ನನ್ನ ಕಡೆ ದೂಡಿ, ಹೆಣದ ತಲೆಯ ಹತ್ತಿರ ಕೂತಳು. ದಿನವಿಡೀ ಕೂತಿದ್ದಳು. ಜನ ಕೂಗಿ ಕೂಗಿ ದಣಿದರು, ಮತ್ತೆ ಕೂಗಿದರು. ಬರಲ್ಲ ಅವ್ನು, ಬೆಳಗಾವಿಲಿ ಮಿನಿಸ್ಟ್ರಾಗಕ್ಕೆ ಕುಂತವ್ನೆ ಎಂದು ಒಬ್ಬ ಹೇಳಿದ. ಮಧ್ಯಾಹ್ನದ ಹೊತ್ತಿಗೆ ನನಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಹಾಗೆ ಅನ್ನಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಹೊತ್ತು ಮುಳುಗುವ ಮೊದಲು ಅವರ ಕಾರು ಬಂತು. ಇಳಿದವರ ಮೇಲೆ ಜನ ಮುಗಿಬಿದ್ದರು. ಯಾರೋ ಅಂಗಿ ಹಿಡಿದು ಎಳೆದು ಗುಂಡಿ ಕಿತ್ತರು. ಅವರು ತಡೆಯಲಿಲ್ಲ. ಗುಂಪು ದಾಟಿ ಬಂದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು. ಅವಳು ಅವರ ಮುಖ ನೋಡಿದಳು, ಅಂಗಿ ನೋಡಿದಳು. ಆಮೇಲೆ ಸುತ್ತ ನಿಂತವರಿಗೆ, "ಬಂದ್ನಲ್ಲ. ಎತ್ರಪ್ಪ" ಎಂದಳು.

ಹೆಣ ಎತ್ತಿದರು. ಇವರು ಮಸಣದವರೆಗೂ ಹೆಗಲು ಕೊಟ್ಟರು.

ನಿಗಮ ಇನ್ನೊಬ್ಬರಿಗೆ ಹೋಯಿತು. ದೊಡ್ಡವರು ಕರೆದಾಗ ಬಾರದವನು ಎಂದು ಹೆಸರಾಯಿತು, ಮುಂದಿನ ಚುನಾವಣೆಗೆ ಟಿಕೆಟ್ಟೂ ಬೇರೆಯವರ ಪಾಲಾಯಿತು. ನಾವೆಲ್ಲ ಸಾಕು ಎಂದೆವು. ಅವರು ಪಕ್ಷೇತರರಾಗಿ ನಿಂತರು, ಯಾರ ಮಾತನ್ನೂ ಕೇಳಲಿಲ್ಲ. ಈ ಸಲ ಸೋಲು ದೊಡ್ಡದಾಗಿತ್ತು. ಹಾಸನದ ಎಣಿಕೆ ಕೇಂದ್ರದಿಂದ ಹೊರಗೆ ಬರುವಾಗ ನನಗೆ ಅಳು ಬಂದಿತ್ತು. ಅವರು ಗೇಟಿನ ಹತ್ತಿರ ಕಡಲೆಕಾಯಿ ಕೊಂಡು, ಅರ್ಧ ನನ್ನ ಕೈಗೆ ಸುರಿದು ಕೇಳಿದರು, "ಡೈರೀಲಿ ಇನ್ನೆಷ್ಟು ಮನೆ ಉಳ್ದವೆ?"

ಪ್ರಚಾರಕ್ಕೆಂದು ಹೋಗಿ ಬರ್ತೀನಿ ಎಂದ ಮನೆಗಳು ನೂರಾರು ಉಳಿದಿದ್ದವು. ಸೋತ ಮೇಲೆ ಯಾಕೆ ಎಂದೆ. ಗೆದ್ರೆ ಬರ್ತೀನಿ ಅಂತ ನಾನು ಹೇಳಿದ್ನಾ ಎಂದು ಅವರು ತಿರುಗಿ ಕೇಳಿದರು. ನಾನು ಡೈರಿ ತೆಗೆದೆ.

ಸೋತವರು ಮನೆ ಬಾಗಿಲಿಗೆ ಬಂದರೆ ಜನಕ್ಕೆ ಗಾಬರಿ. ಬೆಳಗೋಡಿನಲ್ಲೊಬ್ಬರು, ಓಟು ಹಾಕದಿದ್ದಕ್ಕೆ ಬೈಯಲು ಬಂದಿದ್ದಾರೆಂದು ಒಳಗಿನಿಂದ ಚಿಲಕ ಹಾಕಿಕೊಂಡರು. ಇವರು ಹೊರಗೆ ಕೂತು, ಬರ್ತೀನಿ ಅಂದಿದ್ದೆ, ಬಂದೆ, ಅಷ್ಟೇ ಕಣಪ್ಪ ಎಂದು ಮುಚ್ಚಿದ ಬಾಗಿಲಿಗೆ ಹೇಳಿದರು. ಕೊನೆಗೆ ಬಾಗಿಲು ತೆರೆದು, ನಾಚಿಕೊಂಡು ಕಾಫಿ ಕೊಟ್ಟರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಡೈರಿಯ ಕೊನೆಯ ಹಾಳೆಗೆ ಬಂದೆವು. ಆ ಹಾಳೆಯ ಕೊನೆಯ ಮನೆ ನಮ್ಮದೇ ಆಗಿತ್ತು. ಬೇಕೆಂದೇ ಕೊನೆಗಿಟ್ಟಿದ್ದರೋ ಏನೋ.

ಇಷ್ಟು ವರ್ಷದಲ್ಲಿ ನಮ್ಮ ಮನೆಗೆ ಅವರು ಎಷ್ಟು ಸಲ ಬಂದಿದ್ದರೋ, ಅಷ್ಟು ಸಲವೂ ಕುರ್ಚಿ ಅಂಗಳದಲ್ಲೇ ಇರುತ್ತಿತ್ತು. ಎಮ್ಮೆಲ್ಲೆ ಆಗಿದ್ದಾಗಲೂ. ಊರೆಲ್ಲ ಮೈಕಿನಲ್ಲಿ ಕೂಗಿದ ನಾನು ಅಮ್ಮನಿಗೆ, ಅವರನ್ನು ಮೇಲೆ ಕರೆದು ಕೂರಿಸು ಎನ್ನುವ ಒಂದು ಮಾತು ಹೇಳಲಾರದೆ ಹೋಗಿದ್ದೆ. ಅವತ್ತು ಹೇಳೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಬಂದೆ. ಅಂಗಳದಲ್ಲಿ ಕುರ್ಚಿ ಕಾಣಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ಮೊಣಕಾಲು ನೋವಿರೋರು, ಬಿಸ್ಲಲ್ಲಿ ಯಾಕೆ ಕೂರ್ತೀರಿ. ಒಳಗ್ ಬನ್ನಿ" ಎಂದರು. ಕಾಂಪೌಂಡ್ರು ಚಪ್ಪಲಿ ಬಿಟ್ಟು, ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತು, ಒಳಗೆ ಬಂದರು. ನಡುಮನೆಯ ಬೆಂಚಿನ ಮೇಲೆ ಕೂತರು. ಅಮ್ಮ ಅಲ್ಲಿಗೇ ಕಾಫಿ ತಂದುಕೊಟ್ಟರು. ಆ ಮಾತನ್ನು ಅಮ್ಮನಿಗೆ ನಾನು ಹೇಳಬೇಕಿತ್ತು, ಬಹಳ ಮೊದಲೇ ಹೇಳಬೇಕಿತ್ತು. ಅದನ್ನು ಕಾಂಪೌಂಡ್ರು ನಡೆದು ನಡೆದು ಅಮ್ಮನ ಬಾಯಲ್ಲೇ ಹೇಳಿಸಿದರು.

ಹೋದ ವರ್ಷ ಅವರಿಗೆ ಕಿಡ್ನಿ ತೊಂದರೆ ಶುರುವಾಯಿತು. ಆಲೂರಿನ ಅವರ ಮನೆಗೆ ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ. ಮಲಗಿದಲ್ಲೇ ಇರುತ್ತಿದ್ದರು, ಏಳುವ ಮಾತೇ ಇಲ್ಲದ್ದರಿಂದ ಮೊಣಕಾಲಿನ ಸದ್ದೂ ನಿಂತುಹೋಗಿತ್ತು. ಒಂದು ಭಾನುವಾರ ಹೊರಡಲು ಎದ್ದು ಬರ್ತೀನಿ ಸಾರ್ ಎಂದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು, "ಯಾವತ್ತು?"

ಗುರುವಾರ ಎಂದೆ. ಡೈರೀಲಿ ಬರ್ಕೊ ಎಂದರು. ಬರೆದುಕೊಂಡೆ.

ಮಂಗಳವಾರ ತೀರಿಕೊಂಡರು. ಬುಧವಾರ ಮಣ್ಣಾಯಿತು. ಹಾನುಬಾಳಿನ ಅಜ್ಜಿಯನ್ನು ಲೈನಿನವರು ಜೀಪಿನಲ್ಲಿ ಕರೆತಂದಿದ್ದರು. ಅವಳು ಒಂದು ಹಿಡಿ ಮಣ್ಣು ಹಾಕಿ, ಬರ್ತೀನಿ ಕಣಪ್ಪ ಎಂದು ಹೇಳಿ ಹೋದಳು.

ಗುರುವಾರ ಬೆಳಿಗ್ಗೆ ನಾನು ಆಲೂರಿನ ಬಸ್ಸು ಹತ್ತಿದೆ. ಅಲ್ಲಿ ಬಾಗಿಲು ತೆರೆದೇ ಇತ್ತು. ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. "ಗುರುವಾರ ಬರ್ತಾನೆ ಅಂದಿದ್ರು. ಬಾ" ಎಂದರು. ಮಂಚದ ಹತ್ತಿರ ನಾನು ಕೂರುತ್ತಿದ್ದ ಕುರ್ಚಿ ಹಾಗೇ ಇತ್ತು, ಮಂಚದ ಹಾಸಿಗೆ ಸುತ್ತಿಟ್ಟಿದ್ದರು. ನಾನು ಕುರ್ಚಿಯಲ್ಲಿ ಕೂತೆ, ಅಕ್ಕ ಬಾಗಿಲ ಹತ್ತಿರ ಕೂತರು. ಅವರ ಎರಡು ಹಸುಗಳಲ್ಲಿ ಒಂದು ಗಬ್ಬವಿತ್ತು, ಸ್ವಲ್ಪ ಹೊತ್ತು ಅದರ ವಿಷಯ ಮಾತಾಡಿದೆವು. ಇನ್ನು ದಿನ ಲೆಕ್ಕ ಹಾಕೋರು ಯಾರೂ ಇಲ್ಲ ಎಂದು ಅಕ್ಕ ಅತ್ತರು, ನಾನೂ ಅತ್ತೆ.

ಹೊರಡಲು ಎದ್ದು ನಿಂತು ಬರ್ತೀನಿ ಅಕ್ಕ ಎಂದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹೂಂ ಎಂದರು, ಏನೂ ಕೇಳಲಿಲ್ಲ. ನಾನು ಅಂಗಳಕ್ಕೆ ಇಳಿದು ಎರಡು ಹೆಜ್ಜೆ ಹೋದವನು ತಿರುಗಿ ನಿಂತು, ನಾನಾಗಿಯೇ ಹೇಳಿದೆ.

"ಬರೋ ಸೋಮವಾರ."